ಅತ್ತೆಯ ಅಂಚು

ಫೆಬ್ರವರಿ 3, ಸಂಜೆ
ಸೀರೆ ಡಿಸೈನ್ ಮಾಡುವ ನನ್ನ ಪ್ರೋಗ್ರಾಂ ಓಡಿತು, ಓಡಿಯೇ ಬಿಟ್ಟಿತು! ಮದುವೆಯಾಗಿ ಇಪ್ಪತ್ತೊಂದು ದಿನ. ಹನಿಮೂನ್ ಬದಲು ಮೊಳಕಾಲ್ಮೂರಿನಲ್ಲಿ ಅತ್ತೆಯ ಮಗ್ಗದ ಪಕ್ಕ ಲ್ಯಾಪ್‌ಟಾಪ್ — ಆದರೂ ಎಷ್ಟು ಖುಷಿ. ತಾಯಿ ಕ್ಲಾಸ್ ಒಂದು, ಅಂದರೆ ಎಲ್ಲ ಡಿಸೈನ್‌ಗೂ ಮೂಲ ಅಚ್ಚು: ಸೀರೆ. ಅದಕ್ಕೆ ಒಡಲು, ಸೆರಗು, ಅಂಚು. ಅಂಚಿನ ಎಳೆಗಳ ಸಾಲನ್ನು ಅತ್ತೆ ಕಣ್ಣು ಮುಚ್ಚಿ ಹೇಳಿದರು, ನಾನು ಟೈಪ್ ಮಾಡಿದೆ. ಯಾವ ಕಾಗದದಲ್ಲೂ ಇಲ್ಲ ಅದು. ಅದರಿಂದ ಹುಟ್ಟುವ ಮಗಳು ಕ್ಲಾಸ್‌ಗಳಿಗೆಲ್ಲ ಅದೇ ಅಂಚು ತಾನಾಗಿ ಬರುತ್ತದೆ. ಬೇಡವಾದರೆ ಮಗಳು ತನ್ನದನ್ನು ಬರೆದುಕೊಳ್ಳಬಹುದು — ಓವರ್‌ರೈಡ್.

"ಅಂಗಾದ್ರೆ ಅವ್ವಂದು ಅಳಿಸೋಗ್ತೈತಾ?"

"ಇಲ್ಲ ಅತ್ತೆ. ಮಗಳದ್ದು ಮಗಳಿಗೆ. ನಿಮ್ಮದು ಹಾಗೇ ಇರುತ್ತೆ."

ಅತ್ತೆ ಸ್ಕ್ರೀನ್ ಮೇಲಿನ ಅಂಚನ್ನು ಮುಟ್ಟಿ ನೋಡಿದರು. "ನಮ್ ಕಾವ್ಯಂಗೆ ಇದನ್ನ ಯಾರು ಹೇಳ್ಬೇಕಮ್ಮ."

ಕಾವ್ಯ ನನ್ನ ನಾದಿನಿ. ಮೂರು ವರ್ಷದ ಹಿಂದೆ ತಾನೇ ಮೆಚ್ಚಿದವನನ್ನು ಕಟ್ಟಿಕೊಂಡು ಬಳ್ಳಾರಿಗೆ ಹೋದಳು. ಅಂದಿನಿಂದ ಮನೆಯವರ ಜೊತೆ ಮಾತಿಲ್ಲ. ಹೋಗುವಾಗ ಉಟ್ಟಿದ್ದು ಇದೇ ಅಂಚಿನ, ಅತ್ತೆ ನೇಯ್ದ ಕೊನೆಯ ಸೀರೆ.

ಫೆಬ್ರವರಿ 11
ಚಳ್ಳಕೆರೆಗೆ ವಾಪಸ್. ನಮ್ಮ ಮನೆ, ನಮ್ಮದೇ ಮನೆ! ಗೆಳತಿಗೆಂದು ಹಸಿರು ಅಂಚಿನ ಹೊಸ ಡಿಸೈನ್ — ಸೂಪರ್ ಆಗಿದೆ. ಅವಸರದಲ್ಲಿ ಸೇವ್ ಮಾಡಿ, ಗಂಡ ವೀರೇಶ್ ಜೊತೆ ಮಂಡಕ್ಕಿ ಮಿರ್ಚಿ ತಿನ್ನಲು ಹೊರಟೆ.

ಮಾರ್ಚ್ 2
ಅತ್ತೆ ಹೋಗಿ ಒಂಬತ್ತು ದಿನ. ಎದೆನೋವು ಅಂದರು… ಚಿತ್ರದುರ್ಗದ ಆಸ್ಪತ್ರೆ ಮುಟ್ಟಲಿಲ್ಲ. ವೀರೇಶ್ ತಂಗಿಗೆ ತಿಳಿಸಲೂ ಇಲ್ಲ. "ಇದ್ದಾಗ ಬರದೋಳು ಈಗ್ಯಾಕೆ."

ಮಾರ್ಚ್ 5
ಅವ್ವನ ನೆನಪಿಗೆ ಒಂದು ಸೀರೆ ನೇಯಿಸೋಣ, ಆ ಅಂಚು ತೋರಿಸು ಅಂದರು ವೀರೇಶ್. ಪ್ರೋಗ್ರಾಂ ತೆರೆದೆ. ಹಸಿರು. ಎಲ್ಲ ಸೀರೆಗೂ ಹಸಿರು. ಗೆಳತಿಯ ಅಂಚನ್ನು ಮಗಳು ಕ್ಲಾಸಿನಲ್ಲಿ ಬರೆಯುವ ಬದಲು ಅವಸರದಲ್ಲಿ ತಾಯಿ ಕ್ಲಾಸಿನಲ್ಲೇ ಬರೆದಿದ್ದೆ. ಅತ್ತೆ ಹೇಳಿದ ಅಂಚಿನ ಕಾಪಿ ಎಲ್ಲೂ ಇಲ್ಲ. ಹಾಗೇ ಇರುತ್ತೆ ಅಂತ ಮಾತು ಕೊಟ್ಟವಳು ನಾನೇ.

ವೀರೇಶ್ ಬೈಯಲಿಲ್ಲ. "ಅವ್ವ ನೇಯ್ದಿದ್ದೆಲ್ಲ ಮಾರೋಗೈತೆ. ಎಲ್ಲಿ ಅಂತ ಹುಡುಕ್ತೀಯ." ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 6, ಮಧ್ಯಾಹ್ನ
ಕಾವ್ಯಳ ನಂಬರ್ ಅತ್ತೆಯ ಫೋನಿನಲ್ಲಿತ್ತು. ಎಲ್ಲ ಹೇಳಿದೆ — ಸಾವು, ಅಂಚು, ನನ್ನ ತಪ್ಪು. ಆ ಕಡೆ ಬೀರು ತೆರೆದ ಸದ್ದು.

"ನಾನು ಉಟ್ಕಂಡ್ ಬಂದ ಆ ಸೀರೆ ಐತೆ ಅತ್ತಿಗೆ. ಇನ್ನೂ ಒಂದ್ಸಲಾನೂ ಒಗ್ದಿಲ್ಲ."

"ತಗೊಂಡು ಬರ್ತೀಯಾ?"

"ಅಣ್ಣ ಒಳಗೆ ಬಿಟ್ಕಂತಾನಾ?"

ಬಾಗಿಲಲ್ಲಿ ವೀರೇಶ್. ಯಾವಾಗ ಬಂದರೋ. ನನ್ನ ಮುಖ ನೋಡಲಿಲ್ಲ.

"ಯಾವ ಟ್ರೈನು ಅಂತ ಕೇಳು," ಅಂದರು. "ಸ್ಟೇಷನ್‌ಗೆ ಹೋಗ್ತೀನಿ."

ಕೇಳಿದೆ. ಬುಧವಾರ. ಗುಂತಕಲ್–ಚಿಕ್ಕಜಾಜೂರು ಪ್ಯಾಸೆಂಜರ್…