ಕೋಳಿಮರಿಯ ಎದೆಯ ಸೀಳು

೪ ಜುಲೈ ೧೯೮೩, ರಾಯಚೂರು
ಇವತ್ತೂ ಅದೇ ಕೆಲಸ. ನಾಲ್ಕು ದಿನ ಕಾವು ಕಂಡ ಮೊಟ್ಟೆಯೊಳಗಿನ ಮರಿ, ಕಡಲೆಕಾಳಿನಷ್ಟು. ಮೇಣದ ಬ್ಲಾಕಿನಲ್ಲಿ ಕೂಡಿಸಿ ಯಂತ್ರದ ಕತ್ತಿಯಿಂದ ತೆಳ್ಳಗೆ ಕೊಯ್ದೆ. ಹೋಳುಗಳು ಒಂದಕ್ಕೊಂದು ಅಂಟಿ ರಿಬ್ಬನ್ನಿನ ಹಾಗೆ ಬರುತ್ತವೆ. ಕಾಲೇಜಿನ ಅಸ್ಮತ್ ಮೇಡಂ ಒಂದೊಂದು ಹೋಳನ್ನೂ ಮೈಕ್ರೋಸ್ಕೋಪಿನಲ್ಲಿ ನೋಡಿ ರಟ್ಟಿನ ಮೇಲೆ ದೊಡ್ಡದಾಗಿ ಚಿತ್ರ ಬರೆಯುತ್ತಾರೆ. ನಾನು ಆ ರಟ್ಟುಗಳನ್ನು ಕತ್ತರಿಸಿ ಒಂದರ ಮೇಲೊಂದು ಅಂಟಿಸುತ್ತೇನೆ. ಮರಿ ಎದ್ದು ಕೂತಂತೆ ಕಾಣುತ್ತದೆ... ಏಳನೇ ತರಗತಿಗೆ ಶಾಲೆ ಬಿಟ್ಟವನಿಗೆ ಇದೆಲ್ಲ ಹೊಸದು.
ಆದರೆ ಎದೆಯ ನಡುವೆ ಒಂದು ಸೀಳು. ತಳದ ರಟ್ಟಿನಿಂದ ಮೇಲಿನವರೆಗೂ.
'ಮರಿಗೇ ಹಿಂಗ ಅದ ಏನೋ, ತಾಯಣ್ಣ,' ಅಂದರು ಮೇಡಂ.
ಮಾನ್ವಿಯಿಂದ ಮೊಟ್ಟೆ ತರುವಾಗ ಬಸ್ಸಿನ ಕುಲುಕಿಗೆ ಹೀಗಾಯಿತೇ? ಕೋಳಿಯ ದೋಷವೇ?

೧೦ ಜುಲೈ
ಮಾನ್ವಿ. ಕಾಲೇಜಿನ ಕರೆಂಟನ್ನು ನಂಬುವಂತಿಲ್ಲ. ಕಾವಿಗೆ ಇಲ್ಲಿ ಮೊಟ್ಟೆ ಮಾರುವ ಹೀರಾಬಿಯ ಕೋಳಿಯೇ ಗತಿ. ಸೀಳಿನ ವಿಷಯ ಅವಳನ್ನು ಕೇಳಿಬಿಟ್ಟೆ. ಪಕ್ಕದಲ್ಲೇ ಅಮೀರ್ ಸಾಬ್ ಇದ್ದ — ಅವಳ ಮೊಟ್ಟೆಯನ್ನೆಲ್ಲ ಕೊಳ್ಳುವ ವ್ಯಾಪಾರಿ. ಅವನಿದ್ದದ್ದನ್ನು ನಾನು ಗಮನಿಸಲೇ ಇಲ್ಲ.

೧೭ ಜುಲೈ
ಮತ್ತೆ ಮಾನ್ವಿ. ಹೀರಾಬಿಯ ಬುಟ್ಟಿ ತುಂಬಿದ್ದು ತುಂಬಿದಂತೇ ಕೂತಿದೆ.
'ನಿನ್ನ ಬಾಯಿ ಹೊಲಿಬೇಕಿತ್ತು ನೋಡಪ್ಪಾ. ಹೀರಾಬಿ ಕೋಳಿ ಮರಿಗೆ ಎದಿ ಸೀಳಿರ್ತದಂತ ಸಂತಿ ತುಂಬ ಅನ್ನಾಕತ್ತಾರ. ಅಮೀರ್ ಸಾಬ್ ಈ ಕಡಿ ಬರೋದೇ ಬಿಟ್ಟಾನ,' ಅಂದಳು.


೨೦ ಜುಲೈ. ಮಧ್ಯಾಹ್ನ
ಮೇಡಂಗೆ ಎಲ್ಲ ಹೇಳಿದೆ. ಬೈಯಲಿಲ್ಲ. ಬೇರೆ ಮರಿಯ ಬ್ಲಾಕ್ ತೆಗೆದರು.
'ಅರ್ಧ ಹಂಗೇ ಕೊಯ್ಯಿ. ಇನ್ನರ್ಧ ಬ್ಲಾಕ್ ಅಡ್ಡ ತಿರುಗಿಸಿ ಕೊಯ್ಯಿ. ಸೀಳು ಮರಿದಾದ್ರ ಮರಿ ಜೋಡಿ ತಿರುಗ್ತದ. ಕತ್ತಿದಾದ್ರ ಇದ್ದಲ್ಲೇ ಇರ್ತದ.'
ಕೊಯ್ದೆ. ಮೊದಲರ್ಧದಲ್ಲಿ ಸೀಳು ಎದೆಯ ಮೇಲೇ. ತಿರುಗಿಸಿದ ಮೇಲೆ ಮರಿ ಅಡ್ಡ ಮಲಗಿತ್ತು. ಸೀಳು ಕದಲಿರಲಿಲ್ಲ — ಈಗ ಕುತ್ತಿಗೆಯ ಮೇಲೆ ಹಾದಿತ್ತು.
ಕತ್ತಿಯ ಅಲಗು ನಡುವೆ ಒಂಚೂರು ಮುಕ್ಕಾಗಿದೆ. ಬ್ಲಾಕನ್ನು ಯಾವಾಗಲೂ ನಟ್ಟನಡುವೆಯೇ ಕೂಡಿಸುವುದು ನನ್ನ ರೂಢಿ. ಅದಕ್ಕೇ ಪ್ರತಿ ಹೋಳಿನಲ್ಲೂ ಅದೇ ಜಾಗ! ಕತ್ತಿಯನ್ನು ಪಕ್ಕಕ್ಕೆ ಸರಿಸಿ ಕೊಯ್ದೆ. ಸೀಳೇ ಇಲ್ಲ.
ಸರಿ, ಆದರೆ ಮಾನ್ವಿಯಲ್ಲಿ ಯಾರು ನಂಬುತ್ತಾರೆ?

೨೫ ಜುಲೈ
ನಿನ್ನೆ ಮಾನ್ವಿಗೆ ಹೋಗಿ ಮುಕ್ಕಿನ ವಿಷಯ ಹೇಳಿಬಂದಿದ್ದೆ. ಇವತ್ತು ಹೀರಾಬಿಯೇ ಮೊಟ್ಟೆಯ ಬುಟ್ಟಿ ಹಿಡಿದು ಕಾಲೇಜಿಗೆ ಬಂದಳು. ಹಿಂದೆ ಮುಖ ಗಂಟಿಕ್ಕಿಕೊಂಡು ಅಮೀರ್ ಸಾಬ್.
'ನೀ ಹೇಳಿದ್ದು ಇವ ಕೇಳಂಗಿಲ್ಲಂತ. ಕಣ್ಣಾಗ ನೋಡ್ತಾನಂತ. ತೋರಿಸು.'
ಎರಡೂ ಬಗೆಯ ಹೋಳು ಮೈಕ್ರೋಸ್ಕೋಪಿನಲ್ಲಿ ತೋರಿಸಿದೆ, ಸೀಳಿದ್ದದ್ದು, ಸೀಳಿಲ್ಲದ್ದು. ಎರಡನೆಯದಕ್ಕೆ ಕಣ್ಣಿಟ್ಟವನು ಎತ್ತಲೇ ಇಲ್ಲ. ಏನು ಅನ್ನುತ್ತಾನೋ...
'ಏನಪ್ಪಾ, ಹರಿದದೇನು?' ಹೀರಾಬಿ ಕೆಣಕಿದಳು.
'ತಡಿ ಬೇ. ಎಲ್ಲಿ ಹರಿದದ? ಎದಿ ನೋಡಾಕತ್ತೀನಿ.' ಕಣ್ಣು ತೆಗೆಯದೆಯೇ ಮೇಡಂಗೆ, 'ನಾ ದಿನಾ ಮಾರೋದ್ರಾಗ ಇದು ಇರ್ತದೇನ್ರೀ?'
'ಕಾವು ಕೊಟ್ರ,' ಅಂದರು ಮೇಡಂ.
ಹೋಗುವಾಗ ಹೀರಾಬಿಯ ಬುಟ್ಟಿ ಅವನ ಕೈಯಲ್ಲಿತ್ತು. ಬಾಗಿಲ ತನಕ ಹೋದವನು ತಿರುಗಿ ಬಂದ. ಐದು ದಿನದ್ದು ಹೆಂಗಿರ್ತದ, ಅಂದ. ಮೇಡಂ ನನ್ನ ಕಡೆ ನೋಡಿದರು. ನಾನು ಕತ್ತಿಯನ್ನು ಇನ್ನೊಂದಿಷ್ಟು ಸರಿಸಿ, ಐದು ದಿನದ ಮರಿಯ ಬ್ಲಾಕಿಗೆ ಕೈ ಹಾಕಿದೆ.