ಕಾವ್ಯಾಳ ಕೋಣೆಯ ಗಾಳಿ

ಬ್ಯಾಡಗಿ
ಶನಿವಾರ, ೨೭ ಮಾರ್ಚ್ ೨೦೦೪

ಮಗಳೇ ನಿರ್ಮಲಾ,

ನಿನಗೂ ನನ್ನ ಮೊಮ್ಮಗಳಿಗೂ ಈ ಮಾವನ ಆಶೀರ್ವಾದ. ಮೊದಲು ಹೇಳು, ಕೂಸು ಹೇಗಿದೆ? ಮಲಗುವಾಗ ಇನ್ನೂ ಎರಡು ದಿಂಬು ಬೇಕೇ, ಒಂದರ ಮೇಲೆ ಮಲಗುತ್ತಾಳೆಯೇ? ಹಾವೇರಿ ಡಾಕ್ಟರು ಕೊಟ್ಟ ಉಬ್ಬಸದ ಪಂಪನ್ನು ದಿನಕ್ಕೆ ಎಷ್ಟು ಸಲ ಎಳೆಯಬೇಕಾಗುತ್ತದೆ? ಓಡಿದರೆ ಎದೆಯಲ್ಲಿ ಆ ಸೀಟಿಯಂಥ ಸಪ್ಪಳ ಬರುತ್ತದೆಯೇ? ನಿನ್ನ ತವರೂರು ಕರ್ಜಗಿಯ ಗೌಡರ ಮನೆಯ ಫೋನಿಗೆ ಐದು ಸಲ ಮಾಡಿದೆ. ಐದೂ ಸಲ ಗೌಡರ ಹೆಂಡತಿ, ಕರೆಸುತ್ತೇನೆ ಎಂದರು, ಐದೂ ಸಲ ನೀನು ಬರಲಿಲ್ಲ. ಸಿಟ್ಟು ಇರಲಿ, ಬೇಡ ಎನ್ನುವ ಬಾಯಿ ನನಗಿಲ್ಲ. ಆದರೆ ಕೂಸಿನ ಉಸಿರು ಹೇಗಿದೆ ಎಂಬ ಒಂದು ಮಾತಿಗಾದರೂ ಬರಬೇಕಾಗಿತ್ತು. ಹದಿನೆಂಟು ದಿನವಾಯಿತು. ಮಾರ್ಕೆಟ್ಟಿನಲ್ಲಿ ಯಾರ ಮಗುವಾದರೂ ಕೆಮ್ಮಿದರೆ ನಾನು ಕೈಯಲ್ಲಿದ್ದ ಮಾಲು ಬಿಟ್ಟು ತಿರುಗಿ ನೋಡುತ್ತೇನೆ. ಜನ ನಗುತ್ತಾರೆ, ನಗಲಿ.

ಈಗ ಮನೆಯ ಸಂಗತಿ. ನಿನ್ನ ಗಂಡ ತಾನೇ ಬಡಿಸಿಕೊಂಡು ಊಟ ಮಾಡುತ್ತಾನೆ, ಅಂಗಡಿಗೆ ಬರುತ್ತಾನೆ, ಮಾತಾಡುವುದಿಲ್ಲ. ನಿನ್ನ ಅತ್ತೆ ಮಾತಾಡುತ್ತಾಳೆ, ಊಟ ಮಾಡುವುದಿಲ್ಲ. ಯುಗಾದಿಗೆ ಹೋಳಿಗೆ ಮಾಡಿದ್ದು ಹೆಸರಿಗೆ, ಬುಟ್ಟಿಯಲ್ಲಿಯೇ ಒಣಗಿ ಕಡೆಗೆ ಎದುರಿನ ಶೆಡ್ಡಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಹಂಚಿದೆವು. ಮೆಹಬೂಬಿ ಹೋಳಿಗೆ ಇಸಿದುಕೊಂಡು ಮೊದಲು ಕೇಳಿದ್ದು ಕಾವ್ಯಾಳನ್ನೇ. ಏನು ಹೇಳಲಿ ಅವಳಿಗೆ? ಅಜ್ಜನ ಮನೆಗೆ ಹೋಗಿದ್ದಾಳೆ ಎಂದೆ. ಹಬ್ಬದ ದಿನ ಈ ಅಜ್ಜನನ್ನು ಬಿಟ್ಟು ಆ ಅಜ್ಜನ ಮನೆಗೇಕೆ ಹೋದಳು ಎಂದು ಅವಳು ಕೇಳಲಿಲ್ಲ, ಅದು ಅವಳ ದೊಡ್ಡತನ.

ನಿನ್ನ ಗಂಡ ವಿಜಯಮಹಾಂತೇಶ ಕರ್ಜಗಿಗೆ ಬಂದು ಹೋದ ಮೇಲೆ ನೀನು ಹೇಳಿ ಕಳಿಸಿದ ಮಾತು ತಿಳಿಯಿತು. ಅತ್ತೆ ಇರುವ ಮನೆಗೆ ಮಗಳನ್ನು ಕರೆದುಕೊಂಡು ಬರುವುದಿಲ್ಲ ಎಂದೆಯಂತೆ. ಆ ಮಾತಿಗೇ ಈ ಕಾಗದ. ನಾನು ದಲಾಲಿ ಮನುಷ್ಯ, ಮಾಲಿನ ಗುಣ ಹೇಳುವುದು ಬಿಟ್ಟರೆ ಬೇರೆ ವಿದ್ಯೆ ಕಲಿಯಲಿಲ್ಲ. ಮುದುಕ ಎ.ಸಿ. ಮಷೀನು ಮಾರಲು ಕೂತಿದ್ದಾನೆ ಎಂದು ನಕ್ಕರೂ ಚಿಂತೆಯಿಲ್ಲ, ಪೂರ್ತಿ ಓದು. ಆ ಕೋಣೆ ಹೇಗೆ ಆಯಿತು, ಆ ಕೋಣೆಯಲ್ಲಿ ಕೂಸು ಹೇಗಿತ್ತು ಎಂಬುದನ್ನು ನೀನು ಸಿಟ್ಟಿನಲ್ಲಿ ಮರೆಯಬಾರದು.

ನೀನು ಮದುವೆಯಾಗಿ ಈ ಮನೆಯ ಹೊಸ್ತಿಲು ದಾಟಿದ್ದು ಫೆಬ್ರುವರಿಯಲ್ಲಿ. ಸೇರು ಒದೆಯುವ ಮೊದಲೇ ಏಳು ಸಲ ಸೀನಿದೆ, ನಾವೆಲ್ಲ ನಕ್ಕೆವು. ನಮಗೆ ಘಾಟು ಗೊತ್ತಾಗುವುದಿಲ್ಲ ನಿರ್ಮಲಾ. ಜನವರಿಯಿಂದ ಮೇ ತನಕ ಈ ಊರಿನ ಗಾಳಿಯೇ ಕೆಂಪಗಿರುತ್ತದೆ, ನಾವು ಅದರಲ್ಲಿಯೇ ಹುಟ್ಟಿ ಅದರಲ್ಲಿಯೇ ಉಂಡು ಮಲಗಿದವರು. ಕಾವ್ಯಾಳಿಗೆ ಮೂರು ವರ್ಷಕ್ಕೆ ಉಬ್ಬಸ ಶುರುವಾದಾಗ ಶೀತ ಎಂದುಕೊಂಡೆವು. ಡಾಕ್ಟರು, ಸುಗ್ಗಿಯಲ್ಲಿ ಊರು ಬಿಡಿಸಿರಿ, ಇಲ್ಲವೇ ಧೂಳು ಹೋಗದಂತೆ ಒಂದು ಕೋಣೆ ಮುಚ್ಚಿರಿ ಎಂದರು. ಮುಚ್ಚಿದ ಕೋಣೆಯಲ್ಲಿ ಈ ಸೆಕೆಗೆ ಕೂಸು ಬೆಂದುಹೋಗುತ್ತದೆ ಎಂದು ನಾನೇ ರಾಣೆಬೆನ್ನೂರಿಗೆ ಹೋಗಿ ದೊಡ್ಡ ಕೂಲರ್ ತಂದೆ. ನೆನಪಿದೆಯಲ್ಲ? ಅದು ಕಿಡಕಿಗೆ ಬೆನ್ನು ಕೊಟ್ಟು ಹೊರಗಿನ ಗಾಳಿ ಎಳೆಯುವ ಯಂತ್ರ. ಶೆಡ್ಡಿನ ಘಾಟನ್ನೆಲ್ಲ ಎಳೆದು, ನೀರಿನಲ್ಲಿ ತೋಯಿಸಿ, ಕೂಸಿನ ಮುಖಕ್ಕೆ ಊದಿತು. ಆ ದಿನ ನೀನು ನನಗೆ ಒಂದು ಮಾತೂ ಅನ್ನಲಿಲ್ಲ. ಕೂಲರಿನ ವಯರು ಕಿತ್ತು ಅದನ್ನು ದೂಡಿಕೊಂಡು ಹಿತ್ತಲಿಗೆ ಒಯ್ದೆ. ಅಂದಿದ್ದರೆ ಚೆನ್ನಾಗಿತ್ತು.

ಆಮೇಲೆ ನಿನ್ನ ಗಂಡ ಈ ಎರಡು ತುಂಡಿನ ಎ.ಸಿ. ವಿಷಯ ತೆಗೆದಾಗ ಬೇಡ ಎಂದವನೂ ನಾನೇ. ಹುಬ್ಬಳ್ಳಿಯ ಟಾಕೀಸಿನಲ್ಲಿ ಛತ್ತಿನ ತುಂಬ ತಗಡಿನ ದೊಡ್ಡ ಕೊಳವೆ ಓಡಾಡುವುದನ್ನು ನೋಡಿದ್ದೆ. ಅಪ್ಪ ಕಟ್ಟಿಸಿದ ಮಾಳಿಗೆ ಮನೆ, ಸಾಗವಾನಿ ತೊಲೆ ಕೊಯ್ಯಲು ನಾನು ಬಿಡುತ್ತೇನೆಯೇ? ರಾಣೆಬೆನ್ನೂರಿನ ಮೆಕ್ಯಾನಿಕ್ ಅಬ್ದುಲರಜಾಕ ಬಂದು ಒಂದು ತೊಲೆ ಮುಟ್ಟಲಿಲ್ಲ, ಕಿಡಕಿ ಕೊಯ್ಯಲಿಲ್ಲ. ಎರಡು ಮೊಳ ದಪ್ಪದ ಮಣ್ಣಿನ ಗೋಡೆಗೆ ಮುಷ್ಟಿ ಹಿಡಿಸುವಷ್ಟು ಒಂದು ತೂತು ಹಾಕಿದ. ಒಳಗೊಂದು ಪೆಟ್ಟಿಗೆ, ಹೊರಗೊಂದು ಪೆಟ್ಟಿಗೆ, ನಡುವೆ ಎರಡು ತಾಮ್ರದ ನಳಿಗೆ. ಗದ್ದಲ ಮಾಡುವುದೆಲ್ಲ ಹೊರಗಿನದು, ಒಳಗಿನದು ಉಸಿರಾಡಿದ ಹಾಗೂ ಕೇಳುವುದಿಲ್ಲ. ಮನೆಯೆಲ್ಲ ತಂಪು ಮಾಡುವ ಹುಚ್ಚಾಟವಿಲ್ಲ, ಕೂಸಿನ ಒಂದು ಕೋಣೆ ಸಾಕು ಎಂದರೆ ಒಂದೇ ಕೋಣೆ. ಹದಿನೈದು ದಿನಕ್ಕೊಮ್ಮೆ ಜಾಳಿಗೆ ಬಿಚ್ಚಿ ನಲ್ಲಿಯ ಕೆಳಗೆ ಹಿಡಿದರೆ ಕಿಟ್ಟ ಹೋಗುತ್ತದೆ. ಕರೆಂಟು ಹೋದರೂ ಬಾಗಿಲು ತೆಗೆಯದಿದ್ದರೆ ತಾಸುಗಟ್ಟಲೆ ತಂಪು ನಿಲ್ಲುತ್ತಿತ್ತು, ಅದು ನಮ್ಮಪ್ಪನ ಗೋಡೆಯ ಪುಣ್ಯ. ಎಲ್ಲಕ್ಕಿಂತ ದೊಡ್ಡದು, ಅದು ಹೊರಗಿನ ಗಾಳಿಯನ್ನು ಮುಟ್ಟುವುದಿಲ್ಲ. ಕೋಣೆಯೊಳಗಿನದನ್ನೇ ತಂಪು ಮಾಡಿ ಕೋಣೆಯೊಳಗೇ ಬಿಡುತ್ತದೆ. ಶೆಡ್ಡಿನಲ್ಲಿ ಕೆಂಪು ಧೂಳು ಎದ್ದು ಕುಣಿಯುತ್ತಿರುವಾಗ ಈ ಕಡೆ ನನ್ನ ಮೊಮ್ಮಗಳು ಚಾದರ ಹೊದ್ದು, ಅಂಗಾತ ಮಲಗಿ, ಬಾಯಿ ಮುಚ್ಚಿ ನಿದ್ದೆ ಮಾಡುತ್ತಿದ್ದಳು. ಬಾಯಿ ಮುಚ್ಚಿ ಮಲಗಿದ್ದನ್ನು ತೋರಿಸಲು ನೀನು ನನ್ನನ್ನು ಕೈ ಹಿಡಿದು ಎಳೆದುಕೊಂಡು ಹೋಗಿದ್ದೆ. ಐವತ್ತು ದಿನ ಪಂಪು ಮುಟ್ಟಲಿಲ್ಲ ಅವಳು.

ಇನ್ನು ಆ ಮಂಗಳವಾರದ ಮಾತು. ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯಬೇಕು. ಮಂಚದ ಕೆಳಗೆ ಮೂರು ಗಂಟು ಡಬ್ಬಿ ಜಾತಿಯ ಮೆಣಸಿನಕಾಯಿ ಇತ್ತು. ಮೊದಲ ಕೊಯ್ಲಿನ ಮಾಲು, ಕಾಯಿಯಿಂದ ಬಣ್ಣ ತೆಗೆಯುವ ಕಾರ್ಖಾನೆಯವರು ಕೇರಳದಿಂದ ಬಂದಾಗ ತೋರಿಸಲು ತೆಗೆದಿಟ್ಟ ಮಾದರಿ. ಈ ಊರಿನವರ ಕೈಯ ಗುಣ ನಿನಗೆ ಗೊತ್ತಿರಬೇಕು. ಒಳ್ಳೆಯ ಮಾಲು ಕಂಡರೆ ತಂಪು ಜಾಗ ಹುಡುಕುತ್ತೇವೆ, ಬಿಸಿಲಿಗೆ ಬಣ್ಣ ಇಳಿಯುತ್ತದೆ ಎಂಬ ಭಯ ನಮ್ಮ ರಕ್ತದಲ್ಲಿದೆ. ಸಾವಿರಾರು ಚೀಲ ಕೋಲ್ಡ್ ಸ್ಟೋರೇಜಿಗೆ ಹೋಗುತ್ತವೆ, ಮೂರು ಗಂಟಿಗಾಗಿ ಅಲ್ಲಿ ಯಾರು ಬಾಗಿಲು ತೆರೆಯುತ್ತಾರೆ? ಮನೆಯಲ್ಲಿಯೇ ತಂಪು ಇದೆಯಲ್ಲ ಎನಿಸಿತು. ಬಟ್ಟೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಸುತ್ತಿ ಇಟ್ಟರೆ ಏನಾಗುತ್ತದೆ ಎನಿಸಿತು. ಕೂಸಿಗೆ ಕೇಡು ಮಾಡಬೇಕೆಂದು ಇಟ್ಟದ್ದಲ್ಲ ಅದು. ನಲವತ್ತು ವರ್ಷ ಮೆಣಸಿನಕಾಯಿಯ ಜೊತೆ ಬಾಳಿದವರಿಗೆ ಅದು ಕೇಡು ಎಂದೇ ಹೊಳೆಯುವುದಿಲ್ಲ.

ಹೊಳೆಯದ ಇನ್ನೊಂದು ಸಂಗತಿಯಿತ್ತು. ಕೋಲ್ಡ್ ಸ್ಟೋರೇಜಿನ ತಂಪಿನಲ್ಲಿ ಹಸಿ ಇರುತ್ತದೆ, ಕಾಯಿ ಮೆತ್ತಗೆ ಉಳಿಯುತ್ತದೆ. ಈ ಮಷೀನು ಗಾಳಿಯ ಹಸಿಯನ್ನು ಹೀರಿ ನೀರು ಮಾಡಿ ಹೊರಗೆ ಬಿಡುತ್ತದೆ. ಹಿತ್ತಲಿನ ಬಕೆಟ್ಟಿನಲ್ಲಿ ಬಿದ್ದ ಆ ನೀರನ್ನೇ ನಿನ್ನ ಅತ್ತೆ ಮಲ್ಲಿಗೆ ಬಳ್ಳಿಗೆ ಹಾಕುತ್ತಿದ್ದಳು. ಎರಡು ವಾರದಲ್ಲಿ ಗಂಟಿನ ಕಾಯಿ ಹಪ್ಪಳವಾಗಿತ್ತು. ಕಸ ಹೊಡೆಯುವ ಪ್ರೇಮವ್ವ ಮಂಚದ ಕೆಳಗೆ ಕಸಬರಿಗೆ ಚಾಚಿ ಗಂಟನ್ನು ಬದಿಗೆ ನೂಕಿದಳು, ಪ್ಲಾಸ್ಟಿಕ್ ಹರಿಯಿತು, ಒಳಗೆಲ್ಲ ಪುಡಿಪುಡಿಯಾಗಿ ಧೂಳು ಹೊರಬಿತ್ತು, ಅವಳಿಗೆ ತಿಳಿಯಲಿಲ್ಲ. ಕೂಸು ಶಾಲೆಯಿಂದ ಬಂದು ಮಲಗಿತು, ನೀನು ಬಾಗಿಲು ಮುಚ್ಚಿದೆ. ಮುಂದಿನದು ನಿನಗೆ ಗೊತ್ತು. ತುಟಿ ನೀಲಿಯಾಗಿದ್ದ ಆ ಮುಖವನ್ನು ನಾನು ಬ್ಯಾಡಗಿಯಿಂದ ಹಾವೇರಿ ತನಕ ಜೀಪಿನಲ್ಲಿ ನೋಡಿದ್ದೇನೆ, ದಿನವೂ ನೋಡುತ್ತಿದ್ದೇನೆ. ಆಸ್ಪತ್ರೆಯ ಕಟ್ಟೆಯ ಮೇಲೆ ನೀನು, ಗಂಟು ಇಟ್ಟವರು ಯಾರು ಎಂದು ಕೇಳಿದೆ. ನಿನ್ನ ಅತ್ತೆ "ನಾನ ಇಟ್ಟೇನವಾ" ಎಂದಳು. ನೀನು ಅವಳ ಕಡೆ ತಿರುಗಿಯೂ ನೋಡದೆ ಮೂರನೆಯ ದಿನ ಆಸ್ಪತ್ರೆಯಿಂದಲೇ ಕರ್ಜಗಿ ಬಸ್ಸು ಹತ್ತಿದೆ.

ಕೇಳು ತಾಯಿ. ಈಗ ಆ ಕೋಣೆಯಲ್ಲಿ ಒಂದು ಬೀಜವೂ ಇಲ್ಲ. ಮಂಚ, ಗಾದಿ, ಪರದೆ ಎಲ್ಲ ಹೊರಗೆ ಹಾಕಿದೆವು. ಗೋಡೆಗೆ ಹೊಸ ಸುಣ್ಣ ಬಳಿದಾಯಿತು. ಮೆಹಬೂಬಿ ಒಂದು ರವಿವಾರವಿಡೀ ಕೂತು ನೆಲದ ಹಾಸುಗಲ್ಲಿನ ಸಂದು ಸಂದನ್ನೂ ಒದ್ದೆ ಬಟ್ಟೆಯಿಂದ ಒರೆಸಿದಳು, ಕೂಲಿ ಬೇಡವೆಂದಳು. ಅಬ್ದುಲರಜಾಕ ಬಂದು ಒಳಗಿನ ಪೆಟ್ಟಿಗೆಯನ್ನು ಪೂರ್ತಿ ಬಿಚ್ಚಿ ತೊಳೆದ. ನೀರು ಕೆಂಪಗೆ ಹರಿಯಿತು, ಅವನು ಸೀನಿ ಸೀನಿ ಕಣ್ಣು ಒರೆಸಿಕೊಂಡ. ಮಷೀನು ಕೆಟ್ಟಿದೆಯೇನಪ್ಪಾ ಎಂದು ನಾನು ಕೇಳಿದೆ. ಕೆಟ್ಟಿದೆ ಎನ್ನಲಿ ಎಂದು ಆಸೆಯಿತ್ತು ನನಗೆ. "ಇದರದೇನೂ ತಪ್ಪಿಲ್ಲರಿ ಸಾವಕಾರ್ರ" ಎಂದ. "ಹೊರಗಿನ ಘಾಟು ಒಂಚೂರೂ ಒಳಗ ಬಿಟ್ಟಿಲ್ಲ ಇದು. ಒಳಗ ನೀವು ಇಟ್ಟದ್ದನ್ನ ತಿರಗಿಸೇತಿ." ಬಾಗಿಲಿಗೆ ಬೀಗ ಹಾಕಿಸಿದ್ದೇನೆ, ಕೀಲಿ ಒಂದೇ, ಅದು ನಿನ್ನ ಸೆರಗಿನಲ್ಲಿರಲಿ. ನಾವು ಯಾರೂ, ನಿನ್ನ ಗಂಡನೂ ಸೇರಿ, ಕೈಕಾಲು ತೊಳೆದು ಬಟ್ಟೆ ಬದಲಿಸದೆ ಹೊಸ್ತಿಲು ದಾಟಕೂಡದು. ಕರ್ಜಗಿಯ ಗಾಳಿ ಸ್ವಚ್ಛ, ಒಪ್ಪುತ್ತೇನೆ. ಆದರೆ ಈಗ ಅಲ್ಲಿ ಜೋಳದ ರಾಶಿ ನಡೆದಿದೆ, ನಿಮ್ಮಪ್ಪನ ಕಣ ಮನೆಯ ಹಿಂದೆಯೇ ಇದೆ, ಹೊಟ್ಟು ಹಾರುತ್ತದೆ. ಉರಿಬಿಸಿಲಿನಲ್ಲಿ ಕೂಸನ್ನು ಎಷ್ಟು ದಿನ ಕಿಡಕಿ ಮುಚ್ಚಿ ಕೂಡಿಸುತ್ತೀ? ಅವಳಿಗೆಂದು ಮಾಡಿದ ಕೋಣೆ ಇಲ್ಲಿ ಖಾಲಿ ಬಿದ್ದಿದೆ. ನಾನು ದಿನಾ ಮಧ್ಯಾಹ್ನ ಹೋಗಿ ಮಷೀನು ಹಚ್ಚಿ, ಬಾಗಿಲು ಮುಚ್ಚಿ, ನೆಲದ ಮೇಲೆ ಕೂತು ಮೂಗಿನಿಂದ ಗಾಳಿ ಎಳೆದು ಎಳೆದು ನೋಡುತ್ತೇನೆ. ಘಾಟು ಇದೆಯೋ ಇಲ್ಲವೋ ನನಗೆ ತಿಳಿಯುವುದಿಲ್ಲ. ಈ ಮೂಗು ಯಾವತ್ತೋ ಸತ್ತಿದೆ. ನೀನೇ ಬಂದು ನೋಡಬೇಕು.

ಈಗ ಅವಸರದ ಮಾತು. ನಿನ್ನ ಅತ್ತೆ ಬಟ್ಟೆ ಕಟ್ಟಿದ್ದಾಳೆ. ಸೋಮವಾರ ಬೆಳಗಿನ ಬಸ್ಸಿಗೆ ಹಲಗೇರಿಗೆ ತನ್ನ ತಮ್ಮನ ಮನೆಗೆ ಹೊರಟಿದ್ದಾಳೆ, ನಾಲ್ಕು ದಿನಕ್ಕಲ್ಲ, ಇರಲಿಕ್ಕೇ. "ನಾ ಇಲ್ಲಂದ್ರ ಕೂಸು ಬರ್ತೈತಿ, ಬರ್ಲಿ" ಎನ್ನುತ್ತಾಳೆ, ಅಷ್ಟೇ. ಅರವತ್ತರ ವಯಸ್ಸಿನಲ್ಲಿ ತಮ್ಮನ ಹೆಂಡತಿಯ ಒಲೆಯ ಮುಂದೆ ಕೂಡುವುದೆಂದರೆ ಏನೆಂದು ನೀನು ಬಲ್ಲೆ. ನಿನ್ನ ಗಂಡ ತಡೆಯುವುದಿಲ್ಲ, ಅವನಿಗೂ ಅವಳ ಮೇಲೆ ಸಿಟ್ಟಿದೆ. ನಾನು ತಡೆದರೆ ನಿಲ್ಲುವುದಿಲ್ಲ. ಕಾವ್ಯಾಳ ಹಾಲಿನ ಬಟ್ಟಲು ಎಲ್ಲಿದೆ, ಲಂಗ ಎಲ್ಲಿದೆ ಎಂದು ಎಲ್ಲವನ್ನೂ ಪ್ರೇಮವ್ವನಿಗೆ ಹೇಳಿಕೊಡುತ್ತಿದ್ದಾಳೆ. ನನಗೆ ಅದನ್ನು ನೋಡಲು ಆಗುತ್ತಿಲ್ಲ ನಿರ್ಮಲಾ. ಅವಳು ಹೋಗಬಾರದು, ನೀನು ಬರಬೇಕು, ಎರಡೂ ಆಗಬೇಕು. ಹೇಗಾಗುತ್ತದೋ ನನಗೆ ತಿಳಿಯದು. ಈ ಕಾಗದವನ್ನು ನಮ್ಮ ಹಮಾಲ ಫಕ್ಕೀರಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ, ಅವನು ನಿಮ್ಮೂರಿನವನೇ. ರವಿವಾರ ಸಂಜೆ ತಿರುಗಿ ಬರುತ್ತಾನೆ. ಅವನ ಕೈಯಲ್ಲಿ ಒಂದು ಸಾಲು ಬರೆದು ಕಳಿಸು, ಇಲ್ಲವೇ ಬಾಯಿಮಾತಾದರೂ ಕಳಿಸು.

ನಿಮ್ಮ ಅಪ್ಪನಿಗೆ, ಅವ್ವನಿಗೆ ನನ್ನ ನಮಸ್ಕಾರ. ಕಾವ್ಯಾಳ ನೆತ್ತಿಯ ಮೇಲೆ ನನ್ನ ಹೆಸರಿನಲ್ಲಿ ಒಮ್ಮೆ ಕೈ ಇಡು. ಅವಳ ಉಸಿರು ನೂರು ವರ್ಷ ಸಸಾರವಾಗಿ ಆಡಲಿ.

ನಿನ್ನ ಮಾವ,
ಶೇಖಪ್ಪ

ತಾ.ಕ.: ಫಕ್ಕೀರಪ್ಪ ಬಾಗಿಲಲ್ಲಿ ನಿಂತಿದ್ದಾನೆ, ಬಸ್ಸಿನ ಹೊತ್ತಾಯಿತು. ನಾಲ್ಕು ಹಾಳೆ ಬರೆದೆ, ಬರೆಯಬೇಕಾದ್ದನ್ನು ಬರೆಯಲಿಲ್ಲ. ಗಂಟು ಇಟ್ಟವಳು ನಿನ್ನ ಅತ್ತೆಯಲ್ಲ, ನಾನು. ಅವಳು ನೋಡಿ, ಕೂಸಿನ ಕೋಣೆಯಲ್ಲಿ ಬೇಡ ಎಂದಿದ್ದಳು, ನಿನಗೇನು ತಿಳಿಯುತ್ತದೆ ಎಂದು ಗದರಿಸಿದ್ದೆ. ಆಸ್ಪತ್ರೆಯಲ್ಲಿ ನೀನು ಕೇಳಿದಾಗ ಅವಳು ನನ್ನ ಮುಖ ನೋಡಿದಳು. ನಾನು ಗೋಡೆಯ ಕಡೆ ತಿರುಗಿದೆ. ಆಮೇಲೆ ಅವಳು ಹೇಳಿದ್ದನ್ನು ನೀನು ಕೇಳಿದೆ. ಮಗ ಹದಿನೆಂಟು ದಿನದಿಂದ ಅವಳ ಕೈಯ ನೀರು ಮುಟ್ಟಿಲ್ಲ, ಅದನ್ನೂ ನೋಡಿಕೊಂಡು ಸುಮ್ಮನೆ ಕೂತಿದ್ದೇನೆ. ಈ ಕಾಗದವನ್ನು ಅವನಿಗೂ ತೋರಿಸು, ನನಗೆ ಅವನೆದುರು ಬಾಯಿ ಬರುವುದಿಲ್ಲ. ಮನೆ ಬಿಡಬೇಕಾದವನು ನಾನು. ಇವತ್ತಿನಿಂದ ಅಂಗಡಿಯಲ್ಲಿ ಮಲಗುತ್ತೇನೆ, ನೀನು ಕರೆಯುವ ತನಕ ಬರುವುದಿಲ್ಲ. ನೀನು ಬಾ, ಬಂದು ಕೂಸನ್ನು ಅವಳ ಕೈಗೆ ಕೊಡು.