ಮಾವ ಮಾಡಿದ ಕೇಬಲ್

ಮಂಗಳವಾರ, ಜುಲೈ ೯

ಪರದೆಯ ಮೇಲಿನ ಆ ಹಸಿರು ಮುಖಗಳು ಇನ್ನೂ ಕಣ್ಣಿಗೆ ಕಟ್ಟಿವೆ.

ಪ್ರೊಜೆಕ್ಟರ್‌ಗೆ ಅಂಗಡಿಯ ಕೇಬಲ್ ಗಿಡ್ಡವಾಯಿತೆಂದು ಮಾವ ತಾವೇ ಒಂದು ಮಾಡಿದರು. ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿದ ಕೈ, ಬೆಸುಗೆ ನೋಡಿದರೆ ಮುತ್ತು ಪೋಣಿಸಿದ ಹಾಗಿದೆ. ಆದರೆ ಸಂಜೆ ಸಿನಿಮಾ ಹಾಕಿದಾಗ ನಾಯಕ ಹಾಗಲಕಾಯಿಯಂತೆ ಹಸಿರು, ಮರಗಳೆಲ್ಲ ಕೆಂಪು! ಒಳಗೆ ಕೆಂಪು, ಹಸಿರು ತಂತಿ ಅದಲುಬದಲಾಗಿದ್ದದ್ದು ಆಮೇಲೆ ನಾನು ಬಿಚ್ಚಿ ನೋಡಿದಾಗಲೇ ಗೊತ್ತಾದದ್ದು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಮಾವ ಮಾತ್ರ ಪರದೆಯನ್ನೇ ನೋಡುತ್ತ, "ಚೆನ್ನಾಗೇ ಬಂತಲ್ಲ?" ಅಂದರು.

"ಅಪ್ಪಂಗೆ ವಯಸ್ಸಾಯ್ತು," ಅಂದರು ಇವರು.

ನನ್ನ ನಗು ಅಲ್ಲಿಗೇ ನಿಂತಿತು. ವಯಸ್ಸಲ್ಲ. ಮಾವನಿಗೆ ಕೆಂಪು, ಹಸಿರು ಎಂದೂ ಬೇರೆ ಬೇರೆಯಾಗಿ ಕಂಡೇ ಇಲ್ಲ. ಅತ್ತೆ ಇದ್ದಷ್ಟು ದಿನ ರೇಡಿಯೋ ಅಂಗಡಿಯಲ್ಲಿ ಪಕ್ಕದಲ್ಲೇ ಕೂತು ಒಂದೊಂದೇ ತಂತಿ ಎತ್ತಿ ಕೊಡುತ್ತಿದ್ದರು. ಹೆಂಡತಿ ಪಕ್ಕದಲ್ಲಿಲ್ಲದಿದ್ದರೆ ಮಾವನಿಗೆ ಕೈಯೇ ಓಡುವುದಿಲ್ಲ ಎಂದು ನಾವು ಆಡಿಕೊಂಡದ್ದೇ ಆಡಿಕೊಂಡದ್ದು. ಪಾಪ.

ಎಲ್ಲರೂ ಊಟಕ್ಕೆ ಎದ್ದ ಮೇಲೆ ಕೇಬಲ್ ಕಳಚಿ ತಂದು, ಅವರ ಮೇಜಿನ ಪಕ್ಕ ಸ್ಟೂಲ್ ಎಳೆದು ಕೂತೆ. ಒಂದು ತಂತಿ ಎತ್ತಿ ಕೊಟ್ಟು, "ಇದು ಕೆಂಪು, ಮಾವ," ಅಂದೆ.

"ಗೊತ್ತು ಬಿಡಮ್ಮ."

ಸೋಲ್ಡರಿಂಗ್ ಐರನ್ ಎತ್ತಿ ಆ ತಂತಿಗೆ ಬೆಸುಗೆ ಹಾಕಿದರು. ಆಮೇಲೆ ಮುಖ ಎತ್ತದೆ, ಮುಂದಿನ ತಂತಿಗೆ ಕೈ ಚಾಚಿದರು.

ಅತ್ತೆ ಅಷ್ಟು ವರ್ಷ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಏನಾಗಿತ್ತು ಎಂದು ಇವರು ಈಗ ಕೇಳಿದಾಗ ನಾನೂ ಪ್ರೊಜೆಕ್ಟರ್ ಮೇಲೆ ಗೂಬೆ ಕೂರಿಸಿದೆ.